ವಾಪಸು ಬಂದ ಕಂಬಳಿ

ಮಾಡಗ್ಯಾಳ ಪೋಸ್ಟಾಫೀಸು
21 ನವೆಂಬರ್ 2023

ಪ್ರೀತಿಯ ವಿದ್ಯಾ,

ನಿನ್ನ ಪತ್ರವನ್ನು ಪೋಸ್ಟಿನ ಮುರಗೆಪ್ಪ ಕಾಕಾ ಇವತ್ತು ಕೈಗೆ ಕೊಟ್ಟರು. “ಮನಿಗಿ ಕಳಸ್ಲೇನವಾ?” ಅಂದರು. “ಬ್ಯಾಡ್ರಿ ಕಾಕಾ, ನಾನ ಬರ್ತೀನಲ್ಲ” ಅಂದೆ. ಈಗ ನನ್ನ ಕಂಬಳಿಗಳನ್ನು ತೂಕಕ್ಕೆ ಹಾಕಿದ್ದಾರೆ. ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತಿ ಮುಗಿಸುವಷ್ಟರಲ್ಲಿ ನಿನಗೊಂದು ಪತ್ರ ಬರೆದಾಗಿರುತ್ತದೆ. ಅವರ ಕೈ ನಿಧಾನ ಇರುವುದು ನನ್ನ ಪುಣ್ಯ.

ನೀನು ಫೋನಿನಲ್ಲಿ ತೆರೆದುಕೊಟ್ಟ ಕಂಬಳಿ ಅಂಗಡಿ ನಡೆಯುತ್ತಿದೆ ಗೆಳತಿ. ನೀನು ಮೀರಜದಿಂದ ತವರಿಗೆ ಬಂದಾಗ ನಮ್ಮೂರು ಸೋನ್ಯಾಳಕ್ಕೂ ಬಂದು, ನಮ್ಮ ಕರಿ ಕಂಬಳಿಯನ್ನು ಬೇಲಿಯ ಮೇಲೆ ಹರವಿ ಫೋಟೊ ತೆಗೆದು, “ಇದನ್ನ ಪುಣಾ-ಮುಂಬಯಿ ಮಂದಿ ಹುಡಿಕ್ಯಾಡಿ ತಗೋತಾರ” ಎಂದಾಗ ನಾವೆಲ್ಲ ನಕ್ಕಿದ್ದೆವು. ಈಗ ಮೈದುನ ಶಿದ್ರಾಯನಿಗೆ ಮಗ್ಗದಿಂದ ಏಳಲು ಪುರಸೊತ್ತಿಲ್ಲ. ಅತ್ತೆ ಯಲ್ಲವ್ವ ನೂಲುತ್ತಾಳೆ, ನಾನು ಹುಣಸೆ ಬೀಜದ ಗಂಜಿ ಕಾಸಿ ನೂಲಿಗೆ ಹಚ್ಚುತ್ತೇನೆ. ಆಮೇಲೆ ಬಿಳಿ ಬಟ್ಟೆಯಲ್ಲಿ ಹೊಲಿದು, ಮೇಲೆ ವಿಳಾಸ ಬರೆದು ಪೋಸ್ಟಿಗೆ ತರುವ ಕೆಲಸವೂ ನನ್ನ ಪಾಲಿಗೇ ಬಂದಿದೆ. ಮನೆಯಲ್ಲಿ ಮರಾಠಿ ವಿಳಾಸ ನೆಟ್ಟಗೆ ಬರೆಯಬಲ್ಲವಳು ನಾನೊಬ್ಬಳೇ. ಜತ್ತದ ಸಾಲೆಯಲ್ಲಿ ನಿನ್ನ ಪಕ್ಕ ಕುಳಿತು ಕಲಿತದ್ದು ಇಷ್ಟಕ್ಕಾದರೂ ಬಂತು.

ಫೋನು ಮಾಡು ಅನ್ನುತ್ತೀ. ಮನೆಯಲ್ಲಿ ಇರುವುದು ಒಂದೇ ಫೋನು, ಅದೂ ಶಿದ್ರಾಯನ ಅಂಗಿಯ ಕಿಸೆಯಲ್ಲಿ. ಇವರು ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋಗಿದ್ದಾರಲ್ಲ, ಅಲ್ಲಿಂದ ಫೋನು ಬಂದರೂ ಅತ್ತೆ, ಮೈದುನ, ಕಟ್ಟೆಗೆ ಬಂದವರು ಎಲ್ಲರೂ ಕಿವಿಗೊಟ್ಟು ಕುಳಿತಿರುತ್ತಾರೆ. “ಊಟ ಆತೇನ?” “ಆತು.” ಮಳೆಗಾಲ ಬರುವ ತನಕ ನಮ್ಮ ಸಂಸಾರ ಇಷ್ಟೇ.

ಅತ್ತೆ ಪ್ರತಿ ಕಂಬಳಿಯ ಮಡಿಕೆಯಲ್ಲಿ ಬೀರಪ್ಪನ ಭಂಡಾರ ಒಂದು ಚಿಟಿಕೆ ಹಾಕಿಯೇ ಕೊಡುತ್ತಾಳೆ. “ನಮ್ಮ ಕುರೀ ಉಣ್ಣಿ ಗುರ್ತಿಲ್ಲದ ಊರಿಗೆ ಹೊಂಟೈತಿ. ದೇವರ ಅರಿಷಿಣ ಇಲ್ಲದ ಹ್ಯಾಂಗ ಕಳಸೂದು?” ಅನ್ನುತ್ತಾಳೆ. ನನಗೂ ಒಂದು ಚಿಟಿಕೆ ಹಣೆಗೆ ಹಚ್ಚಿ ಕಳಿಸುತ್ತಾಳೆ, ನಾನು ಹೋಗುವುದು ಮಾಡಗ್ಯಾಳದ ತನಕ ಅಷ್ಟೇ ಆದರೂ.

ಜೀಪು ತುಂಬುವ ತನಕ ಸ್ಟ್ಯಾಂಡಿನಲ್ಲಿ ಒಂದು ಕಪ್ ಚಹಾ ಕುಡಿಯುತ್ತೇನೆ. ನಾನು ಮಾಡದೆ ನಾನು ಕುಡಿಯುವ ಚಹಾ ವಾರಕ್ಕೆ ಅದೊಂದೇ.

ನಿನ್ನ
ಮಂಗಲ

*

ಮೀರಜ
30 ನವೆಂಬರ್ 2023

ಮಂಗಲಾ,

ಚಹಾದ ಪುರಾಣ ಓದಿ ನಗು ಬಂತು. ನನ್ನ ಪುರಾಣ ಕೇಳು. ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿದರೆ ರಾತ್ರಿ ಇಳಿಸುವ ತನಕ ನಿಂತೇ ಇರಬೇಕು. ನಮ್ಮವರು, ಅನಿಲ, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುತ್ತಾರೆ, ಸೀರೆ ಹರವಿ ತೋರಿಸುವವಳು ನಾನು. ಕಾಲು ಬಾತು ಚಪ್ಪಲಿಗೆ ಹಿಡಿಸುವುದಿಲ್ಲ. ಒಂದು ದಿನ, ಒಂದೇ ಒಂದು ದಿನ, ಯಾರೂ ನನ್ನನ್ನು ಹೊರಗೆ ಕರೆಯದೆ ಮನೆಯಲ್ಲಿ ಬಿದ್ದಿರಬೇಕು ಅನ್ನಿಸುತ್ತದೆ. ನಿನ್ನ ಹಾಗೆ ಕಟ್ಟೆಯ ಮೇಲೆ ಕುಳಿತು ನೂಲಿಗೆ ಗಂಜಿ ಹಚ್ಚುವ ಸುಖ ನನಗೆಲ್ಲಿ?

ಈಗ ವ್ಯಾಪಾರದ ಮಾತು. ಪುಣೆಯ ಒಬ್ಬ ಹೆಂಗಸು ಫೋಟೊ ಹಾಕಿದ್ದಾಳೆ. ಕಂಬಳಿಯ ಮೇಲೆ ಹಳದಿ ಕಲೆ, “ಬಳಸಿದ ಮಾಲು ಕೊಟ್ಟಿದ್ದಾರೆ” ಎಂದು ಬರೆದಿದ್ದಾಳೆ. ಅದು ದೇವರ ಅರಿಸಿನ ಎಂದು ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಮರಾಠಿ ಎಲ್ಲ ಖರ್ಚಾಯಿತು. ಯಲ್ಲವ್ವ ಅತ್ತೆಗೆ ಹೇಳು, ಒಳಗೆ ಭಂಡಾರ ಹಾಕುವುದು ಬೇಡ. ಕಂಬಳಿಯನ್ನು ಮೊದಲು ಪ್ಲಾಸ್ಟಿಕ್ ಚೀಲದಲ್ಲಿಡು, ಆಮೇಲೆ ಬಟ್ಟೆ ಹೊಲಿ. ಮುರಗೆಪ್ಪ ಕಾಕಾ ಅಂಟಿಸುವ ನಂಬರಿನ ಚೀಟಿ ಗಟ್ಟಿಯಾಗಿ ಕುಳಿತಿದೆಯೋ ಇಲ್ಲವೋ ನೋಡು. ನಂಬರಿಲ್ಲದ ಪಾರ್ಸಲ್ ಎಂದರೆ ಮೂಗುದಾರ ಇಲ್ಲದ ಎತ್ತು, ಎಲ್ಲಿ ಹೋಯಿತೆಂದು ಹುಡುಕುವುದು?

ವಿದ್ಯಾವತಿ

*

ಮಾಡಗ್ಯಾಳ ಪೋಸ್ಟಾಫೀಸು
2 ಜನವರಿ 2024

ಪ್ರೀತಿಯ ವಿದ್ಯಾ,

ಒಂದು ಕಂಬಳಿ ಕಳೆದುಹೋಗಿದೆ.

ನಾಶಿಕದ ಒಬ್ಬ ಮಗಳು ಅಪ್ಪನಿಗೆಂದು ತರಿಸಿದ್ದು. ಮುದುಕ ಚಳಿಗೆ ನೆಲದ ಮೇಲೆ ಮಲಗುತ್ತಾನಂತೆ, ಹಾಸಿಗೆ ಒಗ್ಗುವುದಿಲ್ಲವಂತೆ. ಸಾಂಗ್ಲಿ ದಾಟಿದೆ ಎನ್ನುವ ತನಕ ಫೋನಿನಲ್ಲಿ ತೋರಿಸಿತು, ಆಮೇಲೆ ಏನೂ ಇಲ್ಲ. ಆಕೆ ದಿನಾ ಬೆಳಿಗ್ಗೆ “ನನ್ನ ಕಂಬಳಿ ಎಲ್ಲಿ” ಎಂದು ಬರೆಯುತ್ತಾಳೆ. ಶಿದ್ರಾಯ ಅದನ್ನು ಓದಿ ನನ್ನ ಕಡೆ ನೋಡುತ್ತಾನೆ. ಬೈದರೆ ಒಂದು ಥರ. ಅವನು ಬೈಯುವುದಿಲ್ಲ.

“ವೈನಿ, ನೀವು ಚಲೋನ ಬರದಿರ್ತೀರಿ. ಪೋಸ್ಟನ್ಯಾಗ ಎಲ್ಲೋ ಬಿದ್ದೈತಿ. ಇನ್ನ ಬಿಸಲ ಬೀಳತೈತಿ, ನೀವ್ಯಾಕ ಜೀಪನ್ಯಾಗ ಒದ್ದಾಡ್ಕೋತ ಹೋಗ್ತೀರಿ? ಕೊರಿಯರದವ ಮನೀತನಕ ಬರ್ತಾನಂತ” ಅಂದ.

ಪೋಸ್ಟಿನದೇನು ತಪ್ಪು? ಮುರಗೆಪ್ಪ ಕಾಕಾ ತಕರಾರು ಅರ್ಜಿ ಬರೆದುಕೊಂಡಿದ್ದಾರೆ, ಮೇಲಿನ ಆಫೀಸಿಗೆ ಫೋನೂ ಮಾಡಿದ್ದಾರೆ. ಅವತ್ತು ಚೀಟಿ ಅಂಟಿಸುವಾಗಲೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದ್ದರು, ಪಾಪ. ಭಂಡಾರದ ಸುದ್ದಿ ಬರೆದಿದ್ದೆಯಲ್ಲ, ಅತ್ತೆಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡಳು. “ಒಳಗ ಬ್ಯಾಡಂದ್ರ ಹೊರಗ ಹಚ್ತೀನಿ” ಎಂದು, ಉದುರಬಾರದೆಂದು ಅರಿಸಿನವನ್ನು ನೀರಿನಲ್ಲಿ ಕಲಸಿ, ಹೊಲಿದ ಬಟ್ಟೆಯ ಮೇಲೆ ಅಂಗೈ ಅಗಲ ಬಳಿದಳು. ದೇವರಿಗೆ ಅಡ್ಡಿ ಇಲ್ಲ ನೋಡು.

ನೀನು ಶಿದ್ರಾಯನಿಗೆ ಒಂದು ಮಾತು ಹೇಳು, ಪೋಸ್ಟೇ ಚಲೋ ಎಂದು. ನೀನು ಹೇಳಿದರೆ ಕೇಳುತ್ತಾನೆ. ಮರೆಯಬೇಡ.

ಮಂಗಲ

*

ಮೀರಜ
13 ಜನವರಿ 2024

ಮಂಗಲಾ,

ಸುಳ್ಳು ಹೇಳು ಅನ್ನುತ್ತೀಯಲ್ಲ! ನಾನು ವ್ಯಾಪಾರಸ್ಥರ ಮನೆಯ ಮಗಳು, ಹತ್ತಾರು ಥರ ಮಾಲು ಕಳಿಸಿ ನೋಡಿದವಳು. ಪೋಸ್ಟು ಹೋಗದ ಹಳ್ಳಿಯಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ನಮ್ಮ ಗಿರಾಕಿಗಳೆಲ್ಲ ದೊಡ್ಡ ಊರಿನವರು. ಕೊರಿಯರಿನವನು ನಿಮ್ಮ ಹೊಲದ ವಸ್ತಿಗೇ ಬಂದು ಪಾರ್ಸಲ್ ಎತ್ತುತ್ತಾನೆ, ವಿಳಾಸವನ್ನು ಅವನೇ ಛಾಪಿಸಿ ತರುತ್ತಾನೆ, ನೀನು ಬರೆಯುವ ಕಷ್ಟವೂ ಇಲ್ಲ. ಕಳೆದುಹೋದರೆ ದುಡ್ಡು ತುಂಬಿಕೊಡುತ್ತಾರೆ.

ನಾಶಿಕದವಳಿಗೆ ನಾನೇ ಫೋನು ಮಾಡಿ ಕ್ಷಮೆ ಕೇಳಿದೆ. ಮಾಲು ಕಳೆದರೆ ಮೊದಲು ಗಿರಾಕಿಗೆ ಬೇರೆ ಮಾಲು ಮುಟ್ಟಿಸಬೇಕು, ಹುಡುಕಾಟ ಆಮೇಲೆ. ಶಿದ್ರಾಯ ಇನ್ನೊಂದು ಕಂಬಳಿ ಕಳಿಸಲು ಒಪ್ಪಿದ್ದಾನೆ. ಒಳ್ಳೆಯ ಹುಡುಗ. ನಿನ್ನ ಬಗ್ಗೆ ಎಷ್ಟು ಕಾಳಜಿ ಅವನಿಗೆ! “ವೈನಿಗಿ ಭಾಳ ತ್ರಾಸ ಆಗತೈತ್ರಿ ಅಕ್ಕಾರ” ಎಂದು ಎರಡೆರಡು ಸಲ ಅಂದ.

ಪೋಸ್ಟಿನ ಮೇಲೆ ನಿನಗೇಕೆ ಅಷ್ಟು ಪ್ರೀತಿ? ಸರಿಯಾದ ಕಾರಣ ಒಂದು ಹೇಳು, ನಾನೇ ಶಿದ್ರಾಯನ ಹತ್ತಿರ ಜಗಳ ಆಡುತ್ತೇನೆ.

ವಿದ್ಯಾ

*

ಮಾಡಗ್ಯಾಳ ಪೋಸ್ಟಾಫೀಸು
30 ಜನವರಿ 2024

ವಿದ್ಯಾ,

ಕಾರಣ ಕೇಳಿದ್ದೀ. ಜೀಪಿನಲ್ಲಿ ಬರುವಾಗ ದಾರಿಯುದ್ದಕ್ಕೂ ಹುಡುಕಿಕೊಂಡು ಬಂದೆ.

ಒಂದು, ನಮ್ಮ ವಸ್ತಿಯ ದಾರಿ ಕೊರಿಯರಿನ ಹುಡುಗನಿಗೆ ಸಿಗುವುದಿಲ್ಲ. ಇದನ್ನು ಶಿದ್ರಾಯನಿಗೂ ಹೇಳಿದೆ. ಅವನು ಫೋನಿನಲ್ಲಿ ನಕಾಶೆ ತೆಗೆದು, ನಮ್ಮ ಬೇವಿನ ಮರ ಸಮೇತ ತೋರಿಸಿದ. ಇನ್ನೊಂದು, ನಾಯಿ ಕಡಿಯುತ್ತದೆ ಅಂದೆ. “ಕಟ್ತೀನ್ರಿ” ಅಂದ. ಮುರಗೆಪ್ಪ ಕಾಕಾನ ಆಫೀಸಿಗೆ ಕೆಲಸ ಕಡಿಮೆಯಾಗುತ್ತದೆ ಅಂದೆ. ಆಗ ಅವನು ನನ್ನ ಮುಖವನ್ನೇ ನೋಡಿದ. ನನಗೇ ನಾಚಿಕೆಯಾಯಿತು.

ಸೊಲ್ಲಾಪುರದ ಅತ್ತೆಮನೆಗೆ ಹೋದ ನಮ್ಮ ತಂಗಿ ಹೇಳುತ್ತಿದ್ದಳು, “ಕೆಲಸಕ್ಕ ಹೊರಬಿದ್ದ ಹೆಂಗಸಿಗೆ ದಾರಿ ಬಿಡ್ತಾರ, ಸುಮ್ನ ಹೊರಬಿದ್ದಾಕಿಗೆ ಹೆಸರ ಇಡ್ತಾರ” ಎಂದು. ಆಗ ನನಗದು ಅರ್ಥವಾಗಿರಲಿಲ್ಲ.

ನಿಜವಾದ ಕಾರಣ ಬೇರೆ ಇದೆ. ಹೇಳಬೇಕೆಂದೇ ಇವತ್ತು ಕುಳಿತೆ. ಆದರೆ ಕಾಕಾ ಆಗಲೇ ರಸೀದಿ ಹರಿದರು. ಈಚೆಗೆ ಅವರ ಕೈ ಚುರುಕಾಗಿದೆ. ಜೀಪಿನವನೂ ಹಾರ್ನ್ ಬಾರಿಸುತ್ತಿದ್ದಾನೆ. ಮುಂದಿನ ವಾರ ಬರೆಯುತ್ತೇನೆ. ಅಲ್ಲಿಯ ತನಕ ನೀನು ಏನೂ ಮಾಡಬೇಡ.

ಮಂಗಲ

*

ಮೀರಜ
3 ಫೆಬ್ರವರಿ 2024

ಮಂಗಲಾ,

ನಿನ್ನಿಂದ ಪತ್ರ ಬರಲಿಲ್ಲ, ಸಂಕೋಚಪಡುತ್ತಿದ್ದೀ ಎಂದು ನಾನೇ ಮುಂದಾದೆ. ಸಿಹಿ ಸುದ್ದಿ! ಕೊರಿಯರಿನವರೊಡನೆ ಎಲ್ಲ ಗೊತ್ತು ಮಾಡಿದ್ದೇನೆ. ಜತ್ತದಿಂದ ಅವರ ಗಾಡಿ ವಾರಕ್ಕೆರಡು ಸಲ ನಿಮ್ಮ ಬಾಗಿಲಿಗೇ ಬರುತ್ತದೆ. ಶಿದ್ರಾಯನಿಗೆ ಫೋನಿನಲ್ಲಿ ಎಲ್ಲ ಹೇಳಿಕೊಟ್ಟೆ, ಕುಣಿದಾಡಿದ.

ಇನ್ನು ನೀನು ಮನೆ ಬಿಟ್ಟು ಒಂದು ಹೆಜ್ಜೆ ಇಡಬೇಕಾಗಿಲ್ಲ. ಬಿಸಿಲಿಲ್ಲ, ಜೀಪಿನ ನೂಕಾಟವಿಲ್ಲ. ನನಗೆ ಯಾರಾದರೂ ಇಷ್ಟು ಮಾಡಿಕೊಟ್ಟಿದ್ದರೆ ಅವರ ಫೋಟೊಕ್ಕೆ ಹಾರ ಹಾಕುತ್ತಿದ್ದೆ. ಆರಾಮಾಗಿ ಕುಳಿತು ಉದ್ದದ ಪತ್ರ ಬರೆ.

ನಿನ್ನ
ವಿದ್ಯಾ

*

ಮೀರಜ
18 ಮಾರ್ಚ್ 2024

ಮಂಗಲಾ,

ಇದನ್ನು ಯಾರು ಓದುತ್ತಾರೋ ತಿಳಿಯದೆ ಬರೆಯುತ್ತಿದ್ದೇನೆ. “ಏನೂ ಮಾಡಬೇಡ” ಎಂದ ನಿನ್ನ ಪತ್ರ ನನ್ನ ಪತ್ರ ಹೊರಟ ಮೇಲೆ ಬಂದು ಮುಟ್ಟಿತು. ಆಮೇಲೆ ಮತ್ತೆ ಎರಡು ಬರೆದೆ. ಉತ್ತರವಿಲ್ಲ. ಸಿಟ್ಟಾಗಿದ್ದೀ ಅಂದುಕೊಂಡು ನಾನೂ ಸಿಟ್ಟಾದೆ. ಹೋದ ವಾರ ತಡೆಯಲಾರದೆ ಶಿದ್ರಾಯನಿಗೆ ಫೋನು ಹಚ್ಚಿದೆ, ಅವನು ನಿನಗೆ ಕೊಟ್ಟ.

“ಆರಾಮ ಇದ್ದೀಯಾ?” ಅಂದೆ. “ಆರಾಮ.” “ಸಿಟ್ಟೇನ ನನ್ನ ಮ್ಯಾಲೆ?” “ಇಲ್ಲ.” “ನನ್ನ ಪತ್ರ?” ನೀನು ಫೋನು ತೆಗೆದುಕೊಳ್ಳುವ ತನಕ ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು, ಆಮೇಲೆ ಅದು ನಿಂತಿತ್ತು. “ಊಟ ಆತೇನ?” ಎಂದು ನೀನೇ ಕೇಳಿದೆ. ನಾನು “ಆತು” ಅಂದೆ.

ಅಂಗಡಿಯಿಂದ ಬಂದವಳೇ ನಿನ್ನ ಪತ್ರಗಳನ್ನೆಲ್ಲ ತೆಗೆದು ನೋಡಿದೆ. ಒಂದರ ಮೇಲೂ ಸೋನ್ಯಾಳ ಎಂದಿಲ್ಲ. ಎಲ್ಲದರ ಮೇಲೂ “ಮಾಡಗ್ಯಾಳ ಪೋಸ್ಟಾಫೀಸು” ಎಂದೇ ಇದೆ. ನನ್ನ ಪತ್ರಗಳು ಈಗ ಎಲ್ಲಿವೆ ಎಂದು ಆಗ ಹೊಳೆಯಿತು. ಮುರಗೆಪ್ಪ ಕಾಕಾನ ಮೇಜಿನ ಮೇಲೆ.

ನಾನು ಎಂಥ ಕೆಲಸ ಮಾಡಿಬಿಟ್ಟೆ ಮಂಗಲಾ! ನನ್ನ ಕಾಲಿನ ನೋವಿಗೆ ಬೇಕಾದ ಔಷಧಿಯನ್ನು ನಿನಗೆ ಕುಡಿಸಿದೆ. ಕೊರಿಯರ್ ಬಿಡಿಸೋಣ ಎಂದರೆ ಶಿದ್ರಾಯನಿಗೆ ಏನು ಹೇಳಲಿ? ಅವನು ಕಾರಣ ಕೇಳುತ್ತಾನೆ. ನಾನೂ ಕೇಳಿದ್ದೆನಲ್ಲ.

ವಿದ್ಯಾ

*

ಮಾಡಗ್ಯಾಳ ಪೋಸ್ಟಾಫೀಸು
16 ಏಪ್ರಿಲ್ 2024

ಪ್ರೀತಿಯ ವಿದ್ಯಾ,

ನಿನ್ನ ನಾಲ್ಕೂ ಪತ್ರ ಈಗ ನನ್ನ ಮಡಿಲಲ್ಲಿವೆ. ಕಾಕಾ ಅವನ್ನು ದಾರ ಕಟ್ಟಿ ಇಟ್ಟಿದ್ದರು. “ಬರ್ತೀ ಅಂತ ಗೊತ್ತಿತ್ತು” ಅಂದರು. ನನಗೇ ಗೊತ್ತಿರಲಿಲ್ಲ.

ಇವತ್ತು ನನಗೆ ಪಾರ್ಸಲ್ ಕೆಲಸವಿಲ್ಲ, ಆದ್ದರಿಂದ ಎಷ್ಟು ಹೊತ್ತು ಬೇಕಾದರೂ ಬರೆಯಬಹುದು. ಅಂದು ಹೇಳದೆ ಬಿಟ್ಟ ಕಾರಣ ಮೊದಲು ಹೇಳಿಬಿಡುತ್ತೇನೆ. ಮನೆಯಲ್ಲಿ ಯಾರೂ ನನ್ನನ್ನು ಕೂಡಿ ಹಾಕಿಲ್ಲ. ಬೈಯುವುದಿಲ್ಲ, ಹೊಡೆಯುವುದಿಲ್ಲ. ಬಾಗಿಲು ದಿನವಿಡೀ ತೆರೆದೇ ಇರುತ್ತದೆ. ಆದರೆ ಎದ್ದು ಹೊರಟರೆ “ಎಲ್ಲಿಗಿ?” ಅನ್ನುತ್ತಾರೆ, ಪ್ರೀತಿಯಿಂದಲೇ ಅನ್ನುತ್ತಾರೆ. ಆ ಮಾತಿಗೆ ನನ್ನ ಹತ್ತಿರ ಇದ್ದ ಉತ್ತರ ಒಂದೇ, ಪೋಸ್ಟಿಗೆ. ಅದನ್ನು ನೀವಿಬ್ಬರೂ ಸೇರಿ, ನನ್ನ ಒಳ್ಳೆಯದಕ್ಕೇ, ತೆಗೆದುಬಿಟ್ಟಿರಿ. ಎರಡೂವರೆ ತಿಂಗಳು ನಾನು ಅಂಗಳ ದಾಟಲಿಲ್ಲ. ಕೊರಿಯರಿನ ಹುಡುಗ ಗಾಡಿಯಿಂದ ಇಳಿಯುವುದೂ ಇಲ್ಲ, ಪಾರ್ಸಲ್ ಇಸಿದುಕೊಂಡು ತಿರುಗಿಸಿ ಹೋಗುತ್ತಾನೆ. ಅವನ ಗಾಡಿಯ ಧೂಳು ಕೂರುವ ತನಕ ನಿಂತು ನೋಡುತ್ತಿದ್ದೆ. ಸಿಟ್ಟು ಬಂದಿತ್ತು ನಿನ್ನ ಮೇಲೆ. ಬಹಳ ಬಂದಿತ್ತು. ಈಗ ಇಲ್ಲ.

ಈಗ ಹೇಗೆ ಬಂದೆ ಕೇಳು. ಕಳೆದುಹೋದ ನಾಶಿಕದ ಕಂಬಳಿ ನಿನ್ನೆ ವಾಪಸು ಬಂತು. ಪೋಸ್ಟ್‌ಮನ್ ಅದನ್ನು ತಂದು ಅಂಗಳದಲ್ಲಿಟ್ಟ. ನೋಡಿದರೆ, ಅರಿಸಿನ ಬಳಿದಲ್ಲಿ ಶಾಯಿ ಕಲಸಿ ಒಂದಕ್ಷರವೂ ಉಳಿದಿಲ್ಲ. ಹಸಿ ಅರಿಸಿನದ ಮೇಲೆ ಅಂಟಿಸಿದ ನಂಬರಿನ ಚೀಟಿ ಒಣಗಿದ ಮೇಲೆ ಉದುರಿಹೋಗಿದೆ. ಪಾಪದ ಕಂಬಳಿ ಹೆಸರಿಲ್ಲ, ಊರಿಲ್ಲ ಎಂದು ಎಲ್ಲೆಲ್ಲಿ ಅಲೆಯಿತೋ. ಹಿಂಬದಿಯಲ್ಲಿ ಬರೆದಿದ್ದ ನಮ್ಮ ವಿಳಾಸವನ್ನು ಕೊನೆಗೆ ಯಾರೋ ಕಂಡು ಮನೆಗೆ ಕಳಿಸಿದ್ದಾರೆ. ಕಳೆದದ್ದು ಪೋಸ್ಟಿನಿಂದಲ್ಲ, ನಮ್ಮ ಭಂಡಾರದಿಂದ.

ಶಿದ್ರಾಯ ಖುಷಿಯಿಂದ ಅದನ್ನು ಎತ್ತಿಕೊಂಡು ಒಳಗೆ ಹೊರಟ. ಕಟ್ಟೆಯ ಮೇಲೆ ನೂಲುತ್ತಿದ್ದ ಅತ್ತೆ ಕದಿರು ಬಿಟ್ಟು ಎದ್ದಳು.

“ನಿಂದ್ರು! ಅದನ್ನ ಹೊಸ್ತಿಲಾ ದಾಟಸಬ್ಯಾಡ.”

“ಯಾಕಬೇ ಯವ್ವಾ? ಚಲೋನ ಐತಿ, ಮತ್ತ ಮಾರಬಹುದು.”

“ಬೀರಪ್ಪನ ಭಂಡಾರ ಹಚ್ಚಿ ಕಳಿಸಿದ್ದು ತಿರಿಗಿ ಮನಿಯೊಳಗ ಬರಬಾರದು. ದೇವರಿಗೆ ಮುಟ್ಟಿಸಿ ಬರಬೇಕು.”

“ಆತು, ಗಾಡಿ ಮ್ಯಾಲೆ ಹೋಗಿ ಕೊಟ್ಟು ಬರ್ತೀನಿ.”

“ಗಂಡಸರು ಮುಟ್ಟಸಾಂಗಿಲ್ಲ. ಮನಿ ಸೊಸಿ ಹೊತಗೊಂಡು, ನಡಕೋತ ಹೋಗಬೇಕು. ಮಾಡಗ್ಯಾಳ ಹಾದ್ಯಾಗಿನ ಗುಡಿಗೇ ಹೋಗಬೇಕು.” ಇಷ್ಟು ಹೇಳಿ ನನ್ನ ಮುಖ ನೋಡದೆ ಮತ್ತೆ ನೂಲಲು ಕುಳಿತಳು.

ದೇವರ ಮಾತಿಗೆ ಶಿದ್ರಾಯ ಎದುರಾಡುವವನಲ್ಲ. ಕಂಬಳಿ ರಾತ್ರಿಯಿಡೀ ಅಂಗಳದಲ್ಲೇ ಇತ್ತು. ಬೆಳಗಾಗುತ್ತಲೇ ಹೆಗಲ ಮೇಲೆ ಹಾಕಿಕೊಂಡು ಹೊರಟೆ. ಬಿಸಿಲಿತ್ತು, ಕಂಬಳಿ ಭಾರವಿತ್ತು, ನನಗೆ ಹಾಡು ಬರುತ್ತಿತ್ತು. ಹೊಲದಲ್ಲಿದ್ದವರು “ಎಲ್ಲಿಗವಾ?” ಅಂದರೆ “ದೇವರ ಕೆಲಸ” ಅಂದೆ. ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ.

ಗುಡಿಯಲ್ಲಿ ಪೂಜಾರಿ ರೇವಣ್ಣ ಕಂಬಳಿ ಇಸಿದುಕೊಂಡು ಕಥೆ ಕೇಳಿ ಗಡ್ಡ ಕೆರೆದುಕೊಂಡ. “ವಾಪಸ್ ಬಂದ ಕಂಬಳಿ ದೇವರಿಗೇನ? ಸೊಸೀನ ಹೊತ್ತು ತರಬೇಕೇನ? ನಮ್ಮಪ್ಪ, ನಮ್ಮಜ್ಜ ಇಲ್ಲೇ ಪೂಜಿ ಮಾಡ್ಯಾರ. ಇಂಥಾ ಪದ್ಧತಿ ನಾ ಇವತ್ತ ಕೇಳಾಕತ್ತೀನಿ ನೋಡವಾ” ಅಂದ.

ಅಲ್ಲಿಯೇ ಕಂಬದ ಬುಡದಲ್ಲಿ ಕುಳಿತುಬಿಟ್ಟೆ. ಅಳು ಬಂತು, ಅತ್ತುಕೊಂಡೆ.

ಯಲ್ಲವ್ವ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ದೇವರ ನೆಪ ಬಿಟ್ಟು ಎಲ್ಲಿಗೂ ಹೋದವಳಲ್ಲ. ಅವಳಿಗೆ ಗೊತ್ತಿದ್ದ ದಾರಿ ಅದೊಂದೇ, ಅದನ್ನೇ ನನಗೆ ಬಿಡಿಸಿಕೊಟ್ಟಿದ್ದಾಳೆ. ಮನೆಗೆ ಹೋಗಿ ಅವಳನ್ನು ಏನೂ ಕೇಳುವುದಿಲ್ಲ. ಕೇಳಿದರೆ ಪದ್ಧತಿ ಮುರಿದುಹೋಗುತ್ತದೆ.

ಗುಡಿಯಿಂದ ಪೋಸ್ಟು ಹತ್ತಿರ. ಬಂದೆ, ಚಹಾ ಕುಡಿದೆ, ನಿನ್ನ ಪತ್ರ ಓದಿದೆ. ಇನ್ನು ಎದ್ದು ಹೋಗಬೇಕು. ಮತ್ತೆ ಯಾವಾಗ ಬರೆಯುತ್ತೇನೋ ತಿಳಿಯದು. ಕಳೆದುಹೋದ ಕಂಬಳಿ ಅದೊಂದೇ ಇತ್ತು.

ನಿನ್ನ
ಮಂಗಲ

*

ಮೀರಜ
10 ಮೇ 2024

ಪ್ರೀತಿಯ ಮಂಗಲಾ,

ನೀನು ಏನನ್ನೂ ಕೇಳಿಲ್ಲ. ನಿನ್ನ ಪತ್ರವನ್ನು ಮೂರು ಸಲ ಹುಡುಕಿದೆ, ಒಂದು ಸಾಲೂ ಬೇಡಿಕೆಯಿಲ್ಲ. ಹಾಗಾಗಿ ಅವತ್ತೇ ಅನಿಲರ ಹೆಸರಿನಲ್ಲಿ ಒಂದು ಕಂಬಳಿಗೆ ಆರ್ಡರ್ ಹಾಕಿದೆ.

ಕಂಬಳಿ ಮುಟ್ಟಿತು. ಕೊರಿಯರ್ ಬಹಳ ಚೊಕ್ಕಟವಾಗಿ ತಂದುಕೊಟ್ಟಿತು, ಅದರಲ್ಲಿ ಹೆಸರಿಡುವ ಹಾಗಿಲ್ಲ. ಬಿಚ್ಚಿದರೆ ಮಡಿಕೆಯೊಳಗೆ ಭಂಡಾರ! ಅತ್ತೆಯವರು ಬಿಟ್ಟಿಲ್ಲ ನೋಡು. ಹಣೆಗೆ ಹಚ್ಚಿಕೊಂಡೆ. ಬಾತ ಕಾಲು ಚಾಚಿ ಅದರ ಮೇಲೆ ಒಂದು ಮಧ್ಯಾಹ್ನ ಮಲಗಿದೆ, ಅಂಗಡಿಗೆ ಹೋಗಲಿಲ್ಲ. ಗಂಜಿಯ ವಾಸನೆ, ಕುರಿಯ ವಾಸನೆ. ಕೊಡಲು ಮನಸ್ಸಿಲ್ಲ.

ಆದರೂ ಕಳಿಸುತ್ತಿದ್ದೇನೆ. ಫೋನಿನ ಅಂಗಡಿಯ ಮೂಲಕ ವಾಪಸು ಹಾಕಲು ನೋಡಿದೆ. ಕಾರಣ ಆರಿಸಿ ಎಂದಿತು. ಅಳತೆ ಸರಿಯಿಲ್ಲ, ಬಣ್ಣ ಹಿಡಿಸಲಿಲ್ಲ, ಹರಿದಿದೆ. ನಮ್ಮ ಕಾರಣ ಅದರಲ್ಲಿಲ್ಲ. ಏನು ಬರೆದರೂ ಶಿದ್ರಾಯನ ಮಾಲಿಗೆ ಕೆಟ್ಟ ಹೆಸರು ಬರುತ್ತದೆ, ಆ ಹುಡುಗ ನೊಂದುಕೊಳ್ಳುತ್ತಾನೆ. ಅದಕ್ಕೇ ದುಡ್ಡು ಅವನ ಹತ್ತಿರವೇ ಇರಲಿ ಎಂದು, ನಾನೇ ಬಿಳಿ ಬಟ್ಟೆಯಲ್ಲಿ ಹೊಲಿದು ಪೋಸ್ಟಿಗೆ ಕೊಡುತ್ತಿದ್ದೇನೆ. ನನ್ನ ಹೊಲಿಗೆ ನೋಡಿ ನಗಬೇಡ.

ಇದು ನಿತ್ಯದ ದಾರಿಯಲ್ಲ. ವರ್ಷಕ್ಕೆ ಎಷ್ಟು ಕಂಬಳಿ ಕೊಂಡೇನು, ಎಷ್ಟು ಸಲ ದೇವರ ಹೆಸರು ಹೇಳೀಯೆ? ಮಳೆಗಾಲಕ್ಕೆ ನಿಮ್ಮವರು, ಸೋಮಲಿಂಗ ಅಣ್ಣ, ಕುರಿ ಹೊಡೆದುಕೊಂಡು ಬರುತ್ತಾರಲ್ಲ, ಅವರ ಕೂಡ ಒಮ್ಮೆ ಕೂತು ಮಾತಾಡು. ಆಡಲಾಗದಿದ್ದರೆ ನಾನು ಬಂದು ಆಡುತ್ತೇನೆ. ಅಲ್ಲಿಯ ತನಕ ಕೈಲಿರುವುದು ಇದೊಂದೇ.

ಈ ಪತ್ರವನ್ನು ಕಂಬಳಿಯೊಳಗೆ ಇಟ್ಟಿಲ್ಲ, ಯಾರು ಬಿಚ್ಚುತ್ತಾರೋ ಏನೋ. ಬೇರೆಯಾಗಿ ಮುರಗೆಪ್ಪ ಕಾಕಾನ ಹೆಸರಿಗೆ ಹಾಕಿದ್ದೇನೆ, ಅವರು ಇಟ್ಟುಕೊಂಡಿರುತ್ತಾರೆ. ಕಂಬಳಿ ನಿಮ್ಮ ಅಂಗಳಕ್ಕೆ ಬಂದಾಗ ಏನಾಗುತ್ತದೋ ನನಗೆ ಇಲ್ಲಿ ತಿಳಿಯುವುದಿಲ್ಲ. ಆದರೆ ನೀನು ಇದನ್ನು ಓದುತ್ತಿದ್ದೀ ಎಂದರೆ, ಅತ್ತೆಯವರು ಅದನ್ನು ಹೊಸ್ತಿಲು ದಾಟಲು ಬಿಟ್ಟಿಲ್ಲ.

ನಿನ್ನ
ವಿದ್ಯಾ